ಮ್ಯಾಂಡರಿನ್ ಮಾತಾಡುವವರಿಗೆ ಚಾನ್ಸ್, ಆಪರ್ಚುನಿಟಿ, ರಿಸ್ಕ್ ಕಲಿಸುವುದು ಹೇಗೆ? ಇಂಗ್ಲಿಷ್ ಪಾಠ ಮಾಡುವ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

"ಹೀ ಈಸ್ ಪಾಸಿಬಲ್ ಟು ಕಮ್." ವಿದ್ಯಾರ್ಥಿಯ ಮನೆಮಾತು ಮ್ಯಾಂಡರಿನ್ ಚೀನೀ ಆಗಿದ್ದರೆ ಈ ವಾಕ್ಯ ಇವತ್ತಲ್ಲ ನಾಳೆ ನಿಮಗೆ ಎದುರಾಗುತ್ತದೆ. ಅದರ ಹಿಂದೆಯೇ "ಐ ಆ್ಯಮ್ ಡೇಂಜರಸ್" ಬರುತ್ತದೆ, "ದಿ ಆಪರ್ಚುನಿಟಿ ಆಫ್ ಗೆಟಿಂಗ್ ಕ್ಯಾನ್ಸರ್" ಬರುತ್ತದೆ. ಸರಿಯಾಗಿ ಓದದೆ ಆಗುವ ತಪ್ಪುಗಳಲ್ಲ ಇವು. ಚೆನ್ನಾಗಿ ಓದಿದವರೇ ಹೀಗೆ ಬರೆಯುತ್ತಾರೆ. ಅವರ ನೋಟ್‌ಬುಕ್ಕಿನಲ್ಲಿ ಪಾಸಿಬಲ್, ಪ್ರಾಬಬಲ್, ಚಾನ್ಸ್, ರಿಸ್ಕ್ ಎಲ್ಲ ಇವೆ, ಪ್ರತಿಯೊಂದರ ಎದುರಿಗೆ ಚೀನೀ ಅರ್ಥವೂ ಇದೆ. ತೊಂದರೆ ಇರುವುದೇ ಆ ಪಟ್ಟಿಯಲ್ಲಿ. ಈ ಗುಂಪಿನ ಪದಗಳನ್ನು ಒಂಟಿಯಾಗಿ ಕಲಿತರೆ ಉಪಯೋಗವಿಲ್ಲ. ಯಾವ ಪದ ಯಾವ ವಾಕ್ಯದಲ್ಲಿ ಯಾರ ಪಕ್ಕ ಕೂರುತ್ತದೆ ಅನ್ನುವುದರ ಸಮೇತ ಕಲಿಯಬೇಕು.

ಇದನ್ನು ಬರೆಯುತ್ತಿರುವುದು ಸಿಂಗಾಪುರ, ತೈಪೆ, ಶೆಂಜೆನ್ ಕಡೆ ಕೆಲಸದಲ್ಲಿದ್ದು, ಪಕ್ಕದ ಸೀಟಿನವರು "ನನ್ನ ಮೇಲ್ ಸ್ವಲ್ಪ ನೋಡಿ ಕೊಡ್ತೀರಾ" ಅಂತ ಕೇಳಿದಾಗ ಕೂತು ತಿದ್ದಿಕೊಡುವ ಕನ್ನಡಿಗರಿಗಾಗಿ, ಮತ್ತೆ ಆನ್‌ಲೈನ್‌ನಲ್ಲಿ ದೊಡ್ಡವರಿಗೆ ಇಂಗ್ಲಿಷ್ ಪಾಠ ಮಾಡುವವರಿಗಾಗಿ. ದೊಡ್ಡವರಿಗೆ ಅಂತ ಬೇಕಂತಲೇ ಹೇಳಿದೆ. 2021ರ ಜುಲೈನಲ್ಲಿ ಚೀನಾ ಸರ್ಕಾರ ಶಾಲಾ ಮಕ್ಕಳ ಟ್ಯೂಷನ್ ಮೇಲೆ ಬಿಗಿ ನಿಯಮ ತಂದಿತು. ದೇಶದ ಹೊರಗೆ ಕೂತಿರುವ ವಿದೇಶಿ ಶಿಕ್ಷಕರನ್ನು ಅಂಥ ಕಂಪನಿಗಳು ಇಟ್ಟುಕೊಳ್ಳುವ ಹಾಗಿಲ್ಲ ಅನ್ನುವುದೂ ಅದರಲ್ಲಿತ್ತು. ಹಾಗಾಗಿ ನಿಮ್ಮ ಎದುರು ಕೂರುವವರು ಜಾಸ್ತಿ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ತಯಾರಾಗುತ್ತಿರುವವರು, ಇಲ್ಲಾ ಆಫೀಸಿನಲ್ಲಿ ದಿನವೂ ಇಂಗ್ಲಿಷ್ ಮೇಲ್ ಬರೆಯಬೇಕಾದವರು. ಇಬ್ಬರಿಗೂ ಈ ಪದಗಳು ಬೇಕೇ ಬೇಕು.

ನಮಗೊಂದು ಅನುಕೂಲ ಇದೆ. ಚೀನೀ ಭಾಷಿಕರು ಎಡವುವ ಜಾಗಗಳಲ್ಲಿ ಅರ್ಧಕ್ಕೆ ಅರ್ಧ ಕನ್ನಡದಲ್ಲೂ ಹಾಗೇ ಇವೆ. ಹಾಗಾಗಿ ಅವರ ತಪ್ಪಿನ ಕಾರಣ ನಮಗೆ ಬೇಗ ಹೊಳೆಯುತ್ತದೆ. ಆದರೆ ಅದೇ ಕಾರಣಕ್ಕೆ ಕೆಲವು ತಪ್ಪುಗಳು ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ, ಅದನ್ನೂ ಮುಂದೆ ನೋಡೋಣ.

ಹಂತ 1: ಅವರ ಭಾಷೆಯ ನಕ್ಷೆ ಮೊದಲು ನಿಮಗೆ ಗೊತ್ತಿರಲಿ

ಚೀನೀ ಕಲಿಯಬೇಕಾಗಿಲ್ಲ. ಐದಾರು ಪದ ಸಾಕು. ಸ್ವರದ ಏರಿಳಿತವನ್ನು ಕನ್ನಡ ಲಿಪಿಯಲ್ಲಿ ತೋರಿಸಲು ಆಗುವುದಿಲ್ಲ, ಉಚ್ಚಾರಣೆ ಹತ್ತಿರ ಹತ್ತಿರ ಹೀಗೆ ಅಂದುಕೊಳ್ಳಿ.

"ಜೀಹ್ವೇ" ಅಂದರೆ ಅವಕಾಶ. "ಖನಂಗ್" ಅಂದರೆ ಸಾಧ್ಯ, ಸಾಧ್ಯತೆ, ಬಹುಶಃ, ಆಗಬಹುದು, ಎಲ್ಲವೂ. ಈ ಒಂದೇ ಪದ ಇಂಗ್ಲಿಷಿನ ಪಾಸಿಬಲ್, ಪಾಸಿಬಿಲಿಟಿ, ಮೇಬಿ, ಮೇ, ನಾಲ್ಕರ ಕೆಲಸವನ್ನೂ ಮಾಡುತ್ತದೆ. "ಫಂಗ್‌ಶಿಯೆನ್" ಅಂದರೆ ರಿಸ್ಕ್. "ವೇಯ್‌ಶಿಯೆನ್" ಅಂದರೆ ಡೇಂಜರ್, ಡೇಂಜರಸ್ ಎರಡೂ. "ಮಾವ್‌ಶಿಯೆನ್" ಅಂದರೆ ರಿಸ್ಕ್ ತಗೊಳ್ಳುವುದು, ಸಾಹಸ ಮಾಡುವುದು. ಕೊನೆಯ ಮೂರರಲ್ಲೂ "ಶಿಯೆನ್" ಇದೆ ನೋಡಿ, ಅದು ಒಂದೇ ಅಕ್ಷರ. ಹಾಗಾಗಿ ಅವರ ತಲೆಯಲ್ಲಿ ಈ ಮೂರೂ ಒಂದೇ ಮನೆಯವು.

ವಿದ್ಯಾರ್ಥಿ ಯಾವ ಊರಿನವರು ಅಂತ ಕೇಳುವುದನ್ನು ಮರೆಯಬೇಡಿ. ಹವಾಮಾನ ವರದಿಯಲ್ಲಿ ಮಳೆಯ ಸಾಧ್ಯತೆ ಹೇಳುವಾಗ ಬೀಜಿಂಗ್ ಕಡೆ "ಗಾಯ್‌ಲ್ಯೂ" ಅನ್ನುತ್ತಾರೆ, ತೈಪೆಯಲ್ಲಿ "ಜೀಲ್ಯೂ" ಅನ್ನುತ್ತಾರೆ, ಎರಡೂ ಲೆಕ್ಕದ ಪ್ರಾಬಬಿಲಿಟಿ. ಹಾಂಗ್‌ಕಾಂಗ್ ಪತ್ರಿಕೆಗಳಲ್ಲಿ ಮಾತ್ರ ಅವಕಾಶ ಅನ್ನುವ ಅದೇ ಪದ ರೋಗ ಬರುವ ಸಾಧ್ಯತೆಗೂ ಬಳಕೆಯಾಗುತ್ತದೆ. ಅಲ್ಲಿಯವರು "ಆಪರ್ಚುನಿಟಿ ಆಫ್ ಗೆಟಿಂಗ್ ಕ್ಯಾನ್ಸರ್" ಅಂತ ಬರೆದರೆ ಆಶ್ಚರ್ಯವಿಲ್ಲ, ಅವರ ಭಾಷೆಯಲ್ಲಿ ಅದು ತಪ್ಪೇ ಅಲ್ಲ. ನಾವೂ "ಸಿನಿಮಾದಲ್ಲಿ ಚಾನ್ಸ್ ಸಿಕ್ತು", "ಸಂಜೆ ಮಳೆ ಬರೋ ಚಾನ್ಸ್ ಇದೆ" ಅಂತ ಎರಡಕ್ಕೂ ಒಂದೇ ಪದ ಹಾಕುತ್ತೇವಲ್ವಾ?

ಹಂತ 2: "ಖನಂಗ್" ಗಂಟನ್ನು ಬಿಡಿಸಿ (ಇಲ್ಲಿ ಜಾಸ್ತಿ ಹೊತ್ತು ಕೊಡಿ)

ಚೀನೀ ಭಾಷೆಯಲ್ಲಿ "ತಾ ಖನಂಗ್ ಲಾಯ್" ಅಂದರೆ "ಅವನು ಬರಬಹುದು". ಅವನು, ಸಾಧ್ಯ, ಬರು. ಖನಂಗ್ ಸರಿಯಾಗಿ ಕರ್ತೃ ಮತ್ತು ಕ್ರಿಯಾಪದದ ನಡುವೆ ಕೂತಿದೆ. ವಿದ್ಯಾರ್ಥಿ ಅದೇ ಜಾಗದಲ್ಲಿ ಪಾಸಿಬಲ್ ಇಡುತ್ತಾರೆ. ಇಂಗ್ಲಿಷಿನಲ್ಲಿ ಪಾಸಿಬಲ್ ಅನ್ನುವುದು ಘಟನೆಯ ಬಗ್ಗೆ ಹೇಳುವ ಮಾತು. ಮನುಷ್ಯರ ಮೇಲೆ ಹೀಗೆ ಕೂರುವುದಿಲ್ಲ.

ವ್ಯಾಕರಣ ವಿವರಿಸುತ್ತಾ ಕೂರಬೇಡಿ. ಮೂರು ಅಚ್ಚು ಕೊಡಿ:

ಇಟ್ ಈಸ್ ಪಾಸಿಬಲ್ ದಟ್ ಹೀ ವಿಲ್ ಕಮ್.
ಹೀ ಮೇ ಕಮ್. ಹೀ ಮೈಟ್ ಕಮ್.
ಹೀ ಈಸ್ ಲೈಕ್ಲಿ ಟು ಕಮ್.

ಮೂರನೆಯದನ್ನು ಚೆನ್ನಾಗಿ ಉಜ್ಜಿಸಿ. ಯಾಕೆಂದರೆ ಅವರ ಮನಸ್ಸಿಗೆ ಬೇಕಾದ ರಚನೆ ಅದೇ. ಮನುಷ್ಯರನ್ನು ಮುಂದಿಟ್ಟುಕೊಂಡು ಸಾಧ್ಯತೆ ಹೇಳಲು ಇಂಗ್ಲಿಷ್ ಒಪ್ಪುವುದು ಲೈಕ್ಲಿಯನ್ನು, ಪಾಸಿಬಲ್ಲನ್ನಲ್ಲ, ಪ್ರಾಬಬಲ್ಲನ್ನೂ ಅಲ್ಲ. "ಹೀ ಈಸ್ ಪ್ರಾಬಬಲ್ ಟು ಕಮ್" ಕೂಡ ತಪ್ಪು. ಲೈಕ್ಲಿ ಕೊನೆಯಲ್ಲಿ "ಲಿ" ಇರುವುದರಿಂದ ಅದನ್ನು ಕ್ವಿಕ್ಲಿ, ಸ್ಲೋಲಿಗಳ ಜೊತೆ ಸೇರಿಸಿಕೊಂಡು ಹೆದರುತ್ತಾರೆ. ಅದು ಗುಣವಾಚಕ ಅಂತ ಒಮ್ಮೆ ಹೇಳಿ, ಇಪ್ಪತ್ತು ವಾಕ್ಯ ಮಾಡಿಸಿ. ದಿ ಟ್ರೇನ್ ಈಸ್ ಲೈಕ್ಲಿ ಟು ಬಿ ಲೇಟ್. ಮೈ ಬಾಸ್ ಈಸ್ ಲೈಕ್ಲಿ ಟು ಸೇ ನೋ. ವಿದ್ಯಾರ್ಥಿಯ ಸ್ವಂತ ವಾರದಿಂದಲೇ ವಾಕ್ಯಗಳು ಬರಲಿ. ಪುಸ್ತಕದ ಜಾನ್, ಮೇರಿ ಬೇಡ.

"ಹೆನ್ ಖನಂಗ್" ಅಂತ ಅವರಲ್ಲಿದೆ, ತುಂಬಾ ಸಾಧ್ಯ ಅಂತ. ಅದನ್ನು "ವೆರಿ ಪಾಸಿಬಲ್" ಅಂತ ಇಳಿಸುತ್ತಾರೆ. "ವೆರಿ ಲೈಕ್ಲಿ" ಅಂತ ತಿದ್ದಿ. ತುಸು ಕಡಿಮೆ ಬೇಕಿದ್ದರೆ "ಕ್ವೈಟ್ ಪಾಸಿಬಲ್" ಅನ್ನಬಹುದು.

ಇಂಪಾಸಿಬಲ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. "ಹೀ ಈಸ್ ಇಂಪಾಸಿಬಲ್" ಅಂದರೆ ಅವನ ಜೊತೆ ಏಗುವುದು ಯಾರ ಕೈಲೂ ಆಗದು ಅಂತ ಅರ್ಥ. ಮೀಟಿಂಗಿಗೆ ಬರುವುದಿಲ್ಲ ಅಂತ ಹೇಳಲು ಹೋಗಿ ಮ್ಯಾನೇಜರ್ ಬಗ್ಗೆ ಹೀಗೆ ಬರೆದು ಕಳಿಸಿದರೆ ಕಥೆ ಮುಗಿಯಿತು. ಹಾಗೆಯೇ ಅವರ "ಬೂ ಖನಂಗ್" ಅನ್ನುವುದು ನಮ್ಮ "ಸಾಧ್ಯಾನೇ ಇಲ್ಲ" ಇದ್ದ ಹಾಗೆ, ಮಾತು ಮಾತಿಗೂ ಬರುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ ಸಹಜವಾದದ್ದು "ಕಾಂಟ್ ಬಿ". ಬಾಗಿಲು ತಟ್ಟಿದ್ದು ಅವನಾಗಿರಲು ಸಾಧ್ಯವಿಲ್ಲ ಅಂದರೆ "ಇಟ್ ಕಾಂಟ್ ಬಿ ಹಿಮ್". "ಮಸ್ಟ್ ಬಿ"ಗೆ ಎದುರು "ಮಸ್ಟ್ ನಾಟ್ ಬಿ" ಅಂತ ಅವರೇ ಲೆಕ್ಕ ಹಾಕಿಕೊಂಡಿರುತ್ತಾರೆ. ಅದು ಸಾಮಾನ್ಯವಾಗಿ ನಿಷೇಧದ ಮಾತು, ಊಹೆಗೆ "ಕಾಂಟ್ ಬಿ" ಅಂತ ಜೋಡಿಯಾಗಿಯೇ ಕಲಿಸಿ.

ಈಗ ನಮ್ಮ ಕಣ್ಣಿಗೆ ಬೀಳದ ತಪ್ಪು. "ಮೇಬಿ ಹೀ ಮೇ ಪಾಸಿಬ್ಲಿ ಕಮ್" ಅಂತ ಮೂರು ಮೂರು ಸಲ ಸಾಧ್ಯತೆ ಹೇಳುವುದು. ಕನ್ನಡದಲ್ಲಿ "ಬಹುಶಃ ಬರಬಹುದೇನೋ" ಅನ್ನುವುದು ಎಷ್ಟು ಸಹಜ ನೋಡಿ, ಅಲ್ಲೂ ಮೂರಿವೆ. ಅದಕ್ಕೇ ವಿದ್ಯಾರ್ಥಿ ಹಾಗೆ ಹೇಳಿದಾಗ ನಮ್ಮ ಕಿವಿಗೆ ಏನೂ ಅನ್ನಿಸುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಸಾಕು. ನಮ್ಮೂರಿನ "ಚಾನ್ಸಸ್ ಆರ್ ದೇರ್", "ಮೈಟ್ ಬಿ ಹೀ ವಿಲ್ ಕಮ್" ಕೂಡ ಪಾಠದ ಹೊತ್ತಿನಲ್ಲಿ ಬಾಯಿಗೆ ಬರದಂತೆ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ ನಿಜ, ಆದರೆ ಐಇಎಲ್‌ಟಿಎಸ್ ಪರೀಕ್ಷಕರ ಮುಂದೆ ಕೂರುವವರು ಅವರು.

ಇನ್ನೊಂದು ಸಮಾನ ಅಂಶ ಇದೆ. "ಅವನು ಬರಲ್ಲ ಅನ್ಸುತ್ತೆ" ಅಂತ ನಾವು ಇಲ್ಲ ಅನ್ನುವುದನ್ನು ಬರುವುದಕ್ಕೆ ಅಂಟಿಸುತ್ತೇವೆ. ಚೀನೀಯಲ್ಲೂ ಹಾಗೇ. ಇಂಗ್ಲಿಷ್ ಮಾತಿನಲ್ಲಿ ಅದು ಮುಂದಕ್ಕೆ ಜಿಗಿಯುತ್ತದೆ: "ಐ ಡೋಂಟ್ ಥಿಂಕ್ ಹೀ ವಿಲ್ ಕಮ್". "ಐ ಥಿಂಕ್ ಹೀ ವಿಲ್ ನಾಟ್ ಕಮ್" ತಪ್ಪಲ್ಲ, ಆದರೆ ಸ್ವಲ್ಪ ಗಡುಸಾಗಿ ಕೇಳಿಸುತ್ತದೆ. ಜಾಗ ಬದಲಾದರೆ ಅರ್ಥವೇ ಬದಲಾಗುವ ಜೋಡಿಯೂ ಇದೆ. ಚೀನೀಯಲ್ಲಿ "ಬೂ ಯೀದಿಂಗ್" ಅಂದರೆ ಹಾಗೇ ಅಂತ ಹೇಳಲಾಗದು, "ಯೀದಿಂಗ್ ಬೂ" ಅಂದರೆ ಖಂಡಿತ ಇಲ್ಲ. ಇಂಗ್ಲಿಷಿನಲ್ಲಿ "ನಾಟ್ ನೆಸೆಸರಿಲಿ" ಮತ್ತು "ಸರ್ಟನ್ಲಿ ನಾಟ್". ಅವರದೇ ಜೋಡಿಯನ್ನು ಪಕ್ಕದಲ್ಲಿ ಬರೆಸಿಬಿಟ್ಟರೆ ಮತ್ತೆ ಮರೆಯುವುದಿಲ್ಲ.

ಹಂತ 3: ಪ್ರತಿ ಪದದ ಪಕ್ಕ ಒಂದು ಅಂಕಿ ಹಾಕಿಸಿ

ಪ್ರಾಬಬ್ಲಿ ಅಂದರೆ ಎಷ್ಟು? ಈ ಪ್ರಶ್ನೆಗೆ ಇಂಗ್ಲಿಷ್ ಮಾತಾಡುವವರಲ್ಲೇ ಒಮ್ಮತವಿಲ್ಲ. ಇದನ್ನು ವಿದ್ಯಾರ್ಥಿಗೆ ಹೇಳಲೇಬೇಕು, ಇಲ್ಲದಿದ್ದರೆ ಗೊಂದಲ ತನಗೊಬ್ಬರಿಗೇ ಅಂದುಕೊಳ್ಳುತ್ತಾರೆ.

ಹೇಳಲು ಒಳ್ಳೆಯ ಪ್ರಸಂಗ ಒಂದಿದೆ. 1951ರಲ್ಲಿ ಅಮೆರಿಕದ ಗುಪ್ತಚರ ಅಂದಾಜು ವರದಿಯೊಂದು, ಆ ವರ್ಷ ಯುಗೋಸ್ಲಾವಿಯಾ ಮೇಲೆ ದಾಳಿ ಆಗುವುದನ್ನು "ಸೀರಿಯಸ್ ಪಾಸಿಬಿಲಿಟಿ" ಅಂತ ಪರಿಗಣಿಸಬೇಕು ಅಂದಿತು. ವರದಿ ತಯಾರಿಸಿದವರಲ್ಲಿ ಒಬ್ಬರಾದ ಸಿಐಎಯ ಶರ್ಮನ್ ಕೆಂಟ್ ಅವರನ್ನು, ಅಂದರೆ ಎಷ್ಟು ಅಂತ ವಿದೇಶಾಂಗ ಇಲಾಖೆಯ ಅಧಿಕಾರಿ ಕೇಳಿದರು. ದಾಳಿ ಆಗುತ್ತದೆ ಅನ್ನುವ ಕಡೆಗೆ 65, ಇಲ್ಲ ಅನ್ನುವ ಕಡೆಗೆ 35 ಅಂತ ಕೆಂಟ್ ಹೇಳಿದರು. ಕೇಳಿದವರು ಬೆಚ್ಚಿದರು, ಅವರು ಇನ್ನೂ ಬಹಳ ಕಡಿಮೆ ಅಂದುಕೊಂಡಿದ್ದರು. ಆಮೇಲೆ ಕೆಂಟ್ ತಮ್ಮ ಜೊತೆ ಅದೇ ವರದಿಗೆ ಒಪ್ಪಿಗೆ ಕೊಟ್ಟಿದ್ದ ಸಹೋದ್ಯೋಗಿಗಳನ್ನೇ ಕೇಳಿ ನೋಡಿದರೆ, ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಅಂಕಿ, ಶೇ. 20ರಿಂದ 80ರವರೆಗೆ. 1964ರಲ್ಲಿ ಅವರು ಇದನ್ನೆಲ್ಲ ಬರೆದು, ಪದಗಳಿಗೆ ಅಂಕಿ ಗೊತ್ತುಮಾಡುವ ಪಟ್ಟಿ ಕೊಟ್ಟರು. ಅದರಲ್ಲಿ "ಆಲ್‌ಮೋಸ್ಟ್ ಸರ್ಟನ್" ಅಂದರೆ 93ರ ಆಸುಪಾಸು, "ಪ್ರಾಬಬಲ್" ಅಂದರೆ 75ರ ಆಸುಪಾಸು, "ಪ್ರಾಬಬ್ಲಿ ನಾಟ್" ಅಂದರೆ 30ರ ಆಸುಪಾಸು.

ಇವತ್ತು ಇಂಥ ಪಟ್ಟಿ ಹೆಚ್ಚು ಕಾಣುವುದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ವರದಿಗಳಲ್ಲಿ. ಅಲ್ಲಿ "ಲೈಕ್ಲಿ" ಅಂದರೆ 66ರಿಂದ 100, "ವೆರಿ ಲೈಕ್ಲಿ" ಅಂದರೆ 90ರಿಂದ 100, "ವರ್ಚುವಲಿ ಸರ್ಟನ್" ಅಂದರೆ 99ರಿಂದ 100, "ಅನ್‌ಲೈಕ್ಲಿ" ಅಂದರೆ 0ಯಿಂದ 33, "ಎಕ್ಸೆಪ್ಷನಲಿ ಅನ್‌ಲೈಕ್ಲಿ" ಅಂದರೆ 0ಯಿಂದ 1. ಐಇಎಲ್‌ಟಿಎಸ್‌ನಲ್ಲಿ ಪರಿಸರದ ಪ್ರಬಂಧ ಬರೆಯುವವರಿಗೆ ಈ ಪಟ್ಟಿ ಚೆನ್ನಾಗಿ ಒದಗುತ್ತದೆ. ಆದರೆ ದಿನಬಳಕೆಯಲ್ಲಿ ಯಾರೂ ಇಷ್ಟು ಕರಾರುವಾಕ್ಕಾಗಿ ಮಾತಾಡುವುದಿಲ್ಲ ಅಂತಲೂ ಹೇಳಿ.

ಯುರೋಪಿನ ಔಷಧಿ ಡಬ್ಬದೊಳಗಿನ ಚೀಟಿಯೂ ಒಳ್ಳೆಯ ಪಾಠ. ಅದರಲ್ಲಿ ಅಡ್ಡಪರಿಣಾಮ "ಕಾಮನ್" ಅಂದರೆ ನೂರರಲ್ಲಿ ಒಬ್ಬರಿಂದ ಹತ್ತರಲ್ಲಿ ಒಬ್ಬರವರೆಗೆ. "ರೇರ್" ಅಂದರೆ ಹತ್ತು ಸಾವಿರಕ್ಕೆ ಒಬ್ಬರಿಂದ ಸಾವಿರಕ್ಕೆ ಒಬ್ಬರವರೆಗೆ. ಕಾಮನ್ ಅಂತ ಓದಿ ಗಾಬರಿಯಾಗುವವರು ಎಲ್ಲ ಭಾಷೆಯಲ್ಲೂ ಇದ್ದಾರೆ.

ಈಗ ಅಭ್ಯಾಸ. ಚೀನೀಯಲ್ಲಿ ಸಾಧ್ಯತೆಯನ್ನು ಅಂಕಿಯಲ್ಲೇ ಹೇಳುವ ಮಾತುಗಳಿವೆ, ಅಲ್ಲಿಂದ ಶುರು ಮಾಡಿ. "ಬಾಛಂಗ್" ಅಂದರೆ ಹತ್ತರಲ್ಲಿ ಎಂಟು ಪಾಲು, ಬಹುತೇಕ ಹೌದು ಅಂತ. "ಶ್ ಯೋ ಬಾ ಜ್ಯೋ" ಅಂದರೆ ಹತ್ತರಲ್ಲಿ ಎಂಟೋ ಒಂಬತ್ತೋ. "ವಾನ್‌ಯೀ" ಅಂದರೆ ಹತ್ತು ಸಾವಿರದಲ್ಲಿ ಒಂದು. ಮೊದಲೆರಡಕ್ಕೆ "ವೆರಿ ಲೈಕ್ಲಿ", "ಇನ್ ಆಲ್ ಲೈಕ್ಲಿಹುಡ್" ಹೊಂದುತ್ತವೆ. ಒಂದು ಹಾಳೆಯ ಮೇಲೆ 0ಯಿಂದ 100ರ ಗೆರೆ ಎಳೆಸಿ. ಮೇಲುಗಡೆ ಅವರ ಪದಗಳು, ಕೆಳಗಡೆ ಇಂಗ್ಲಿಷ್ ಪದಗಳು. ನೀವು ಹೇಳಿಕೊಡಬೇಡಿ, ಅವರೇ ಇಡಲಿ, ಆಮೇಲೆ ಚರ್ಚೆ ಮಾಡಿ. "ಮೈಟ್" ಎಲ್ಲಿಟ್ಟರು ಅಂತ ನೋಡಿದರೆ ಅವರ ಎಷ್ಟೋ ಮೇಲ್‌ಗಳ ಗುಟ್ಟು ನಿಮಗೆ ತಿಳಿಯುತ್ತದೆ.

ಅದೇ ಗೆರೆಯ ಮೇಲೆ ಚಾನ್ಸ್‌ನ ವಿಶೇಷಣಗಳನ್ನೂ ಸೇರಿಸಿ. "ಗುಡ್ ಚಾನ್ಸ್" ಬಲಕ್ಕೆ, "ಸ್ಲಿಮ್ ಚಾನ್ಸ್" ತೀರಾ ಎಡಕ್ಕೆ. "ಫ್ಯಾಟ್ ಚಾನ್ಸ್" ಅಂದರೆ ದೊಡ್ಡ ಸಾಧ್ಯತೆ ಅಂದುಕೊಂಡು ಬಲಕ್ಕೆ ಇಡುತ್ತಾರೆ, ಅದೂ ಎಡಕ್ಕೇ ಬರಬೇಕು, "ಆಗೋ ಮಾತಾ ಅದು?" ಅಂತ ಅದರ ಅರ್ಥ. ಚೀನೀಯಲ್ಲಿ ಎ, ದಿ ಇಲ್ಲದ್ದರಿಂದ ಇನ್ನೊಂದು ಅಪಾಯ ಇದೆ: "ದೇರ್ ಈಸ್ ಲಿಟಲ್ ಚಾನ್ಸ್" ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, "ದೇರ್ ಈಸ್ ಎ ಸ್ಮಾಲ್ ಚಾನ್ಸ್" ಅಂದರೆ ಕಡಿಮೆಯಾದರೂ ಇದೆ. ಗ್ರಾಹಕರಿಗೆ ಮೇಲ್ ಬರೆಯುವಾಗ ಈ ವ್ಯತ್ಯಾಸ ದುಡ್ಡಿನ ವಿಷಯ.

ಹಂತ 4: ಚಾನ್ಸ್ ಬೇರೆ, ಆಪರ್ಚುನಿಟಿ ಬೇರೆ

ಪರೀಕ್ಷೆ ಸುಲಭ. ಯಾರಾದರೂ ಅದನ್ನು ಬಳಸಿಕೊಳ್ಳಬಹುದಾ? ಹೌದು ಅಂದರೆ ಆಪರ್ಚುನಿಟಿ ಹಾಕಬಹುದು. ಮಳೆಯನ್ನು, ಕ್ಯಾನ್ಸರನ್ನು, ಟ್ರಾಫಿಕ್ ಜಾಮನ್ನು ಯಾರೂ ಬಳಸಿಕೊಳ್ಳುವುದಿಲ್ಲ. ಅಲ್ಲಿ ಚಾನ್ಸ್ ಮಾತ್ರ, ಕೆಟ್ಟದ್ದಾದರೆ ರಿಸ್ಕ್.

ಚಾನ್ಸ್ ಎರಡೂ ಕಡೆ ಓಡಾಡುತ್ತದೆ, ಅದರ ನಂತರ ಬರುವ ಪದ ನೋಡಿ ಅರ್ಥ ಹಿಡಿಯಬೇಕು. "ಚಾನ್ಸ್ ಆಫ್" ಬಂದರೆ ಸಾಮಾನ್ಯವಾಗಿ ಸಾಧ್ಯತೆ, "ಚಾನ್ಸ್ ಟು" ಬಂದರೆ ಅವಕಾಶ. "ಶೀ ಹ್ಯಾಸ್ ಎ ಗುಡ್ ಚಾನ್ಸ್ ಆಫ್ ವಿನ್ನಿಂಗ್" ಅಂದರೆ ಅವಳು ಗೆಲ್ಲುವ ಸಾಧ್ಯತೆ ಚೆನ್ನಾಗಿದೆ. "ಶೀ ಗಾಟ್ ಎ ಚಾನ್ಸ್ ಟು ಪ್ಲೇ" ಅಂದರೆ ಆಡುವ ಅವಕಾಶ ಸಿಕ್ಕಿತು. "ವಾಟ್ ಆರ್ ಮೈ ಚಾನ್ಸಸ್?" ಅಂತ ಬಹುವಚನದಲ್ಲಿ ಕೇಳಿದರೆ ಅದು ಸಾಧ್ಯತೆಯ ಪ್ರಶ್ನೆ. ಏಕವಚನದಲ್ಲಿ "ಎ" ಬಿಟ್ಟು "ಐ ಹ್ಯಾವ್ ಚಾನ್ಸ್ ಟು" ಅನ್ನುವುದನ್ನು ಪ್ರತಿ ಸಲ ತಿದ್ದಿ, ಬೇಜಾರು ಮಾಡಿಕೊಳ್ಳದೆ ತಿದ್ದಿ.

ಕ್ರಿಯಾಪದಗಳಲ್ಲಿ ಅದೃಷ್ಟವಿದೆ. ಚೀನೀಯಲ್ಲಿ ಅವಕಾಶವನ್ನು ಹಿಡಿಯುತ್ತಾರೆ, ತಪ್ಪಿಸಿಕೊಳ್ಳುತ್ತಾರೆ, ಅದು ಇಂಗ್ಲಿಷಿನ ಸೀಸ್, ಗ್ರ್ಯಾಬ್, ಮಿಸ್‌ಗಳಿಗೆ ನೇರ ಹೊಂದುತ್ತದೆ. ಒಂದೇ ಒಂದು ಬಲೆ: "ಟೇಕ್ ದಿ ಆಪರ್ಚುನಿಟಿ" ಅಂದರೆ ಅವಕಾಶ ಬಳಸಿಕೊಳ್ಳುವುದು, ಆದರೆ "ಟೇಕ್ ಎ ಚಾನ್ಸ್" ಅಂದರೆ ಆದದ್ದಾಗಲಿ ಅಂತ ರಿಸ್ಕ್‌ಗೆ ಇಳಿಯುವುದು. ಕೆಲಸದ ಸಂದರ್ಶನದಲ್ಲಿ "ಐ ವಾಂಟ್ ಟು ಟೇಕ್ ಎ ಚಾನ್ಸ್ ಇನ್ ಯುವರ್ ಕಂಪನಿ" ಅಂದರೆ, ನಿಮ್ಮ ಕಂಪನಿ ಮೇಲೆ ಅಷ್ಟೇನೂ ನಂಬಿಕೆ ಇಲ್ಲ ಅಂತ ಕೇಳಿಸುತ್ತದೆ.

ಹಂತ 5: ರಿಸ್ಕ್, ಡೇಂಜರ್, ಹಜಾರ್ಡ್

"ಐ ಆ್ಯಮ್ ಡೇಂಜರಸ್" ಎಲ್ಲಿಂದ ಬಂತು? ಚೀನೀಯಲ್ಲಿ "ವೊ ಹೆನ್ ವೇಯ್‌ಶಿಯೆನ್" ಅಂದರೆ ನಾನು ಅಪಾಯದಲ್ಲಿದ್ದೇನೆ ಅಂತಲೂ ಆಗಬಹುದು, ನಾನು ಅಪಾಯಕಾರಿ ಅಂತಲೂ ಆಗಬಹುದು, ಸಂದರ್ಭ ನೋಡಿ ತಿಳಿಯಬೇಕು. ಇಂಗ್ಲಿಷ್ ಇವೆರಡನ್ನೂ ಖಡಾಖಂಡಿತವಾಗಿ ಬೇರೆ ಮಾಡುತ್ತದೆ. ತೊಂದರೆಗೆ ಸಿಕ್ಕವರು "ಇನ್ ಡೇಂಜರ್", ತೊಂದರೆ ಕೊಡುವವರು "ಡೇಂಜರಸ್". ಇದೇ ಅಚ್ಚಿನಲ್ಲಿ "ಅಟ್ ರಿಸ್ಕ್" ಮತ್ತು "ರಿಸ್ಕಿ". "ಇಟ್ ಈಸ್ ವೆರಿ ರಿಸ್ಕ್" ಅಂತ ಬರೆದರೆ ಈ ಜೋಡಿಗೇ ಕರೆದುಕೊಂಡು ಹೋಗಿ.

ರಿಸ್ಕ್ ಜೊತೆ ಮುಖ್ಯವಾಗಿ ಬರುವ ಕ್ರಿಯಾಪದ ಎರಡು. ಬೇಕಂತಲೇ ಇಳಿದರೆ "ಟೇಕ್ ಎ ರಿಸ್ಕ್". ಒಂದು ಕೆಲಸ ಮಾಡಿದ್ದರಿಂದ ತಾನಾಗಿ ತಲೆ ಮೇಲೆ ಬಂದರೆ "ರನ್ ದಿ ರಿಸ್ಕ್ ಆಫ್". ರಿಸ್ಕನ್ನೇ ಕ್ರಿಯಾಪದ ಮಾಡಿದರೆ ಮುಂದೆ "ಇಂಗ್" ರೂಪ: "ಯು ರಿಸ್ಕ್ ಲೂಸಿಂಗ್ ಯುವರ್ ಸೀಟ್". "ರಿಸ್ಕ್ ಟು ಲೂಸ್" ಆಗುವುದಿಲ್ಲ. ರಿಸ್ಕ್ ಯಾವಾಗಲೂ ಬೇಡದ ಸಂಗತಿಗೇ. "ದಿ ರಿಸ್ಕ್ ಆಫ್ ಗೆಟಿಂಗ್ ಎ ಪ್ರಮೋಷನ್" ಅಂದರೆ ಪ್ರಮೋಷನ್ ಬಂದರೆ ಗ್ರಹಚಾರ ಅನ್ನುವ ಹಾಗೆ ಕೇಳಿಸುತ್ತದೆ. "ಮಾವ್‌ಶಿಯೆನ್" ಸಾಹಸಕ್ಕೂ ಸಲ್ಲುವುದರಿಂದ, ರಜೆಯಲ್ಲಿ ಬೆಟ್ಟ ಹತ್ತಲು ಇಷ್ಟ ಅನ್ನುವುದಕ್ಕೆ "ಐ ಲೈಕ್ ಟೇಕಿಂಗ್ ರಿಸ್ಕ್ಸ್" ಅನ್ನುತ್ತಾರೆ. "ಅಡ್ವೆಂಚರ್" ಕೊಡಿ.

ಕಾರ್ಖಾನೆ, ಪ್ರಾಜೆಕ್ಟ್ ಕೆಲಸದವರಿಗೆ ಹಜಾರ್ಡ್ ಮತ್ತು ರಿಸ್ಕ್ ವ್ಯತ್ಯಾಸ ಗೊತ್ತಿರಲೇಬೇಕು. ನೆಲದ ಮೇಲೆ ಚೆಲ್ಲಿದ ಎಣ್ಣೆ ಹಜಾರ್ಡ್. ಅದರ ಮೇಲೆ ಯಾರಾದರೂ ಜಾರಿ ಬೀಳುವ ಸಾಧ್ಯತೆ ಎಷ್ಟು, ಬಿದ್ದರೆ ಪೆಟ್ಟು ಎಷ್ಟು, ಈ ಎರಡನ್ನೂ ಸೇರಿಸಿ ಅಳೆದದ್ದು ರಿಸ್ಕ್. ಅದೇ ಎಣ್ಣೆ ಬೀಗ ಹಾಕಿದ ಕೋಣೆಯಲ್ಲಿದ್ದರೆ ಹಜಾರ್ಡ್ ಹಾಗೇ ಇದೆ, ರಿಸ್ಕ್ ಇಳಿಯಿತು. ಸುರಕ್ಷತಾ ಫಾರ್ಮುಗಳಲ್ಲಿರುವ ಚೌಕಗಳ ಕೋಷ್ಟಕ ಇದೇ ಲೆಕ್ಕ: ಒಂದು ಕಡೆ ಲೈಕ್ಲಿಹುಡ್, ಇನ್ನೊಂದು ಕಡೆ ಸಿವಿಯಾರಿಟಿ. ವಿದ್ಯಾರ್ಥಿಯ ಆಫೀಸಿನ ಫಾರ್ಮನ್ನೇ ತರಿಸಿ ತುಂಬಿಸಿ.

ಜಾರುವ ನೆಲ ಅಂದಾಗ ಚೀನಾದ ಒಂದು ಪ್ರಸಿದ್ಧ ಫಲಕ ನೆನಪಾಗುತ್ತದೆ, ಇಂಗ್ಲಿಷಿನಲ್ಲಿ "ಸ್ಲಿಪ್ ಕೇರ್‌ಫುಲಿ" ಅಂತ ಬರೆದಿರುತ್ತದೆ. ಎಲ್ಲರೂ ಅದರ ಫೋಟೋ ಹಾಕಿ ನಗುತ್ತಾರೆ, ಕಾರಣ ತಿಳಿದರೆ ಮಾತ್ರ ಕುತೂಹಲ ಹುಟ್ಟುತ್ತದೆ. ಚೀನೀ ಫಲಕದಲ್ಲಿರುವುದು ನಾಲ್ಕು ಅಕ್ಷರ: ಎಚ್ಚರ ಅನ್ನುವುದಕ್ಕೆ ಎರಡು, ನೆಲ ಅನ್ನುವುದಕ್ಕೆ ಒಂದು, ಜಾರು ಅನ್ನುವುದಕ್ಕೆ ಒಂದು. "ಎಚ್ಚರ, ನೆಲ ಜಾರುತ್ತದೆ" ಅಂತ. ಆದರೆ ನೆಲ ಅನ್ನುವ ಅಕ್ಷರವೇ ಬೇರೆ ಉಚ್ಚಾರಣೆಯಲ್ಲಿ ಕ್ರಿಯಾವಿಶೇಷಣದ ಪ್ರತ್ಯಯವೂ ಹೌದು, ನಮ್ಮ "ಆಗಿ" ಇದ್ದ ಹಾಗೆ. ಅದನ್ನು ಹಾಗೆ ಓದಿಕೊಂಡರೆ "ಎಚ್ಚರವಾಗಿ ಜಾರಿ" ಆಗಿಬಿಡುತ್ತದೆ. ವಿದ್ಯಾರ್ಥಿಗಳಿಗೆ ಈ ಫಲಕವನ್ನು ಒಗಟಿನ ಹಾಗೆ ಕೊಡಿ, ಅವರೇ ಬಿಡಿಸಿ ನಿಮಗೆ ವಿವರಿಸಲಿ. ಆವತ್ತಿನ ಪಾಠ ಅವರು ಮಾಡಿದ ಹಾಗಾಗುತ್ತದೆ.

ಹಂತ 6: "ವೇಯ್‌ಜೀ" ಭಾಷಣ ಬಿಡಿ

ಬಿಕ್ಕಟ್ಟು ಅನ್ನುವುದಕ್ಕೆ ಚೀನೀಯಲ್ಲಿ "ವೇಯ್‌ಜೀ", ಅದರಲ್ಲಿ ಅರ್ಧ ಅಪಾಯ, ಅರ್ಧ ಅವಕಾಶ ಅನ್ನುವ ಮಾತನ್ನು ನೀವೂ ಯಾವುದಾದರೂ ಮೋಟಿವೇಷನ್ ಭಾಷಣದಲ್ಲಿ ಕೇಳಿರುತ್ತೀರಿ. ಜಾನ್ ಎಫ್. ಕೆನಡಿ 1959ರಲ್ಲಿ ಇಂಡಿಯಾನಾಪೊಲಿಸ್‌ನ ಭಾಷಣದಲ್ಲೇ ಇದನ್ನು ಹೇಳಿದ್ದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚೀನೀ ಪ್ರಾಧ್ಯಾಪಕ ವಿಕ್ಟರ್ ಮೇರ್ ಇದು ತಪ್ಪು ಅಂತ ವಿವರವಾಗಿ ಬರೆದಿದ್ದಾರೆ. "ವೇಯ್" ಅಪಾಯ, ಸರಿ. "ಜೀ" ಇಲ್ಲಿ ಅವಕಾಶವಲ್ಲ, ಪರಿಸ್ಥಿತಿ ಯಾವ ಕಡೆಗಾದರೂ ತಿರುಗಬಹುದಾದ ನಿರ್ಣಾಯಕ ಗಳಿಗೆ. ಅವಕಾಶ ಆಗಬೇಕಾದರೆ ಅದು "ಹ್ವೇ" ಜೊತೆ ಸೇರಿ "ಜೀಹ್ವೇ" ಆಗಬೇಕು. ಮೊಬೈಲಿಗೆ ಅವರು ಹೇಳುವ "ಶೋಜೀ", ವಿಮಾನಕ್ಕೆ ಹೇಳುವ "ಫೇಯ್‌ಜೀ", ಅವುಗಳಲ್ಲಿರುವುದೂ ಅದೇ ಅಕ್ಷರ, ಅಲ್ಲಿ ಅರ್ಥ ಯಂತ್ರ.

ಇದನ್ನು ವಿದ್ಯಾರ್ಥಿಗಳ ಮುಂದೆ ಜ್ಞಾನವೆಂಬಂತೆ ಹೇಳಬೇಡಿ. ಅವರ ಭಾಷೆಯ ಬಗ್ಗೆ ಅವರಿಗೇ ತಪ್ಪು ಪಾಠ ಮಾಡಿದಂತಾಗುತ್ತದೆ. ಪಾಪ, ಮೇಷ್ಟ್ರು ಹೇಳಿದರು ಅಂತ ಅವರು ಎದುರಾಡುವುದೂ ಇಲ್ಲ. ಬದಲಿಗೆ "ಹೀಗೊಂದು ಮಾತಿದೆ, ಸರಿಯಾ?" ಅಂತ ಕೇಳಿ, ಇಂಗ್ಲಿಷಿನಲ್ಲಿ ಉತ್ತರಿಸಲು ಬಿಡಿ. ಕ್ರೈಸಿಸ್, ರಿಸ್ಕ್, ಆಪರ್ಚುನಿಟಿ, ಟರ್ನಿಂಗ್ ಪಾಯಿಂಟ್, ಎಲ್ಲ ಪದಗಳೂ ಒಂದೇ ಚರ್ಚೆಯಲ್ಲಿ ಬಂದುಬಿಡುತ್ತವೆ.

ಹಂತ 7: ಡೌಟ್ ಮತ್ತು ಸಸ್ಪೆಕ್ಟ್, ಕನ್ನಡಿಗರೇ ಚೆನ್ನಾಗಿ ಕಲಿಸಬಲ್ಲ ಜಾಗ

"ಅವನೇ ಕದ್ದಿದ್ದು ಅಂತ ನನಗೆ ಅನುಮಾನ." "ಅವನು ಬರೋದು ಅನುಮಾನ." ಮೊದಲನೆಯದರಲ್ಲಿ ಹೌದು ಅನ್ನುವ ಕಡೆಗೆ ವಾಲಿದ್ದೇವೆ, ಎರಡನೆಯದರಲ್ಲಿ ಇಲ್ಲ ಅನ್ನುವ ಕಡೆಗೆ. ಪದ ಒಂದೇ. ಚೀನೀಯ "ಹ್ವಾಯ್‌ಯೀ" ಕೂಡ ಥೇಟ್ ಹೀಗೇ. ಇಂಗ್ಲಿಷಿನಲ್ಲಿ ಮೊದಲನೆಯದು "ಸಸ್ಪೆಕ್ಟ್", ಎರಡನೆಯದು "ಡೌಟ್". "ಐ ಡೌಟ್ ಹೀ ಸ್ಟೋಲ್ ಇಟ್" ಅಂತ ಬರೆದರೆ ಅವನು ಕದ್ದಿರಲಿಕ್ಕಿಲ್ಲ ಅಂತ ಅರ್ಥ. ದೂರು ಕೊಡಲು ಹೋಗಿ ಅವನ ಪರವಾಗಿ ಸಾಕ್ಷಿ ಹೇಳಿದಂತಾಗುತ್ತದೆ. ಕಂಪನಿಯ ತನಿಖೆಯ ಮೇಲ್‌ನಲ್ಲಿ ಇದು ಎಷ್ಟು ದೊಡ್ಡ ಎಡವಟ್ಟು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷ್ ಮಾತ್ರ ಬಲ್ಲ ಶಿಕ್ಷಕರಿಗೆ ಈ ತಪ್ಪು ವಿಚಿತ್ರವಾಗಿ ಕಾಣುತ್ತದೆ. ನಮಗೆ ಹಾಗಲ್ಲ, "ನಮ್ಮ ಭಾಷೆಯಲ್ಲೂ ಹೀಗೇ" ಅಂತ ಮನಸಾರೆ ಹೇಳಬಹುದು. ನಿಯಮ ಚಿಕ್ಕದು: ಹೌದು ಅನ್ನಿಸಿದರೆ ಸಸ್ಪೆಕ್ಟ್, ಅಲ್ಲ ಅನ್ನಿಸಿದರೆ ಡೌಟ್. ಪ್ರಶ್ನೆ ಕೇಳಲಿಕ್ಕಿದ್ದರೆ "ಐ ಹ್ಯಾವ್ ಎ ಡೌಟ್" ಅಲ್ಲ, "ಐ ಹ್ಯಾವ್ ಎ ಕ್ವೆಸ್ಚನ್". ಇದು ನಮಗೂ ಬೇಕಾದ ಪಾಠ.

ಹಂತ 8: ವಾನ್‌ಯೀ, ಇಫ್, ಇನ್ ಕೇಸ್

ಹತ್ತು ಸಾವಿರದಲ್ಲಿ ಒಂದು ಅನ್ನುವ "ವಾನ್‌ಯೀ" ದಿನಬಳಕೆಯಲ್ಲಿ ನಮ್ಮ "ಎಲ್ಲಾದರೂ" ಅಥವಾ "ಅಕಸ್ಮಾತ್" ಇದ್ದ ಹಾಗೆ. ಅದಕ್ಕೆ ಇಂಗ್ಲಿಷಿನಲ್ಲಿ ಮೂರು ದಾರಿ. ಪ್ರಶ್ನೆಯಾದರೆ "ವಾಟ್ ಇಫ್". ಮುಂಜಾಗ್ರತೆಯಾದರೆ "ಇನ್ ಕೇಸ್". ಷರತ್ತಾದರೆ "ಇಫ್". "ಟೇಕ್ ಆ್ಯನ್ ಅಂಬ್ರೆಲಾ ಇನ್ ಕೇಸ್ ಇಟ್ ರೇನ್ಸ್" ಅಂದರೆ ಈಗಲೇ ಕೊಡೆ ತಗೊಂಡು ಹೋಗು. "ಇಫ್" ಹಾಕಿದರೆ ಮಳೆ ಬಂದರೆ ಮಾತ್ರ ತಗೋ ಅಂತ. ಒಂದು ವಾಕ್ಯ ಸಾಕು, ಕೈಯಲ್ಲಿ ಕೊಡೆ ಹಿಡಿದು ತೋರಿಸಿ.

ಹಂತ 9: ಸೌಜನ್ಯಕ್ಕೆ ಹೇಳುವ "ಆಗಬಹುದು"

"ನೋಡೋಣ" ಅಂದರೆ ಎಷ್ಟೋ ಸಲ ಇಲ್ಲ ಅಂತಲೇ ಅರ್ಥ, ನಮಗೆ ಗೊತ್ತು. ಚೀನೀ ಆಫೀಸುಗಳಲ್ಲೂ "ಸ್ವಲ್ಪ ಕಷ್ಟ ಆಗಬಹುದು" ಅಂದರೆ ಬಹಳ ಸಲ ಆಗುವುದಿಲ್ಲ ಅಂತ. ಅದನ್ನು ಹಾಗೇ "ಇಟ್ ಮೇ ಬಿ ಎ ಲಿಟಲ್ ಡಿಫಿಕಲ್ಟ್" ಅಂತ ಬರೆದರೆ ಲಂಡನ್‌ನಲ್ಲೋ ಚಿಕಾಗೋದಲ್ಲೋ ಇರುವ ಗ್ರಾಹಕರು, ಕಷ್ಟವಾದರೂ ಮಾಡಿಕೊಡುತ್ತಾರೆ ಅಂದುಕೊಂಡು ಕಾಯುತ್ತಾ ಕೂರುತ್ತಾರೆ. ಇಲ್ಲಿ ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ, ಅದಕ್ಕೇ ಯಾರೂ ತಿದ್ದುವುದಿಲ್ಲ. ನೀವು ತಿದ್ದಿ. "ಐ ಆ್ಯಮ್ ಅಫ್ರೇಡ್ ವಿ ಆರ್ ಅನ್‌ಲೈಕ್ಲಿ ಟು ಫಿನಿಶ್ ಬೈ ಫ್ರೈಡೇ" ಅನ್ನುವ ವಾಕ್ಯ ಸೌಜನ್ಯವನ್ನೂ ಉಳಿಸುತ್ತದೆ, ವಿಷಯವನ್ನೂ ಮುಟ್ಟಿಸುತ್ತದೆ. ಚೀನೀಯಲ್ಲಿ ಇದಕ್ಕೆ ಸರಿಹೊಂದುವ "ಖೊಂಗ್‌ಪಾ" ಇದೆ, ಹೆದರಿಕೆಯ ಪದವೇ, ಹಾಗಾಗಿ "ಐ ಆ್ಯಮ್ ಅಫ್ರೇಡ್" ಅವರಿಗೆ ಹೊಸತು ಅನ್ನಿಸುವುದಿಲ್ಲ.

ಉಚ್ಚಾರಣೆ ಬಗ್ಗೆ ಎರಡು ಮಾತು

ಮ್ಯಾಂಡರಿನ್‌ನಲ್ಲಿ ಪದದ ಕೊನೆಗೆ ಸ್ವರ ಬರುತ್ತದೆ, ಇಲ್ಲಾ "ನ್", "ಙ್", ಒಮ್ಮೊಮ್ಮೆ "ರ್" ಥರದ ಧ್ವನಿ. "ರಿಸ್ಕ್", "ಆಡ್ಸ್" (ಸಾಧ್ಯತೆ ಅನ್ನುವುದಕ್ಕೇ ಇನ್ನೊಂದು ಪದ), "ಚಾನ್ಸ್" ಥರದ ಬಾಲ ಅವರ ಬಾಯಿಗೆ ಹೊಸದು, ಕೊನೆಯಲ್ಲಿ ಒಂದು ಸಣ್ಣ ಸ್ವರ ಸೇರಿಸುತ್ತಾರೆ. ನಾವು "ರಿಸ್ಕು", "ಚಾನ್ಸು" ಅನ್ನುವುದೂ ಅದೇ ರೋಗ, ಆದ್ದರಿಂದ ಮಾದರಿ ಹೇಳಿಕೊಡುವಾಗ ನಿಮ್ಮ ಕೊನೆಯ "ಉ" ನುಂಗಿ. "ಚಾನ್ಸ್" ಮತ್ತು "ಚೇಂಜ್" ಕಲಸಿಹೋಗುವುದೂ ಉಂಟು. "ಗಿವ್ ಮಿ ಎ ಚಾನ್ಸ್", "ಗಿವ್ ಮಿ ಚೇಂಜ್" ಎರಡನ್ನೂ ಪಕ್ಕಪಕ್ಕ ಹೇಳಿಸಿ. "ಕ್ಯಾನ್" ಮತ್ತು "ಕಾಂಟ್" ಇನ್ನೂ ಮುಖ್ಯ, ಕೊನೆಯ "ಟ್" ಕೇಳಿಸದೇ ಹೋದರೆ ಸಾಧ್ಯ ಅಸಾಧ್ಯ ಅದಲುಬದಲು ಆಗುತ್ತದೆ.

ಯಾವ ಕ್ರಮದಲ್ಲಿ ಮಾಡಬೇಕು

ಮೊದಲ ಪಾಠಕ್ಕೆ ಹಂತ 2 ಮಾತ್ರ. ಎರಡನೆಯದಕ್ಕೆ ಅಂಕಿಯ ಗೆರೆ. ಮೂರನೆಯ ಪಾಠಕ್ಕೆ ವಿದ್ಯಾರ್ಥಿ ಆ ವಾರ ಬರೆದ ನಿಜವಾದ ಮೂರು ಮೇಲ್ ತರಲಿ, ಹೆಸರು, ಗುಟ್ಟು ಎಲ್ಲ ಅಳಿಸಿ. ಅದರಲ್ಲಿ ಸಾಧ್ಯತೆ, ಅವಕಾಶ, ಅಪಾಯದ ಪದಗಳಿಗೆಲ್ಲ ಗೆರೆ ಹಾಕಿಸಿ, ಪ್ರತಿಯೊಂದರ ಪಕ್ಕ "ಇದು ಎಷ್ಟು?" ಅಂತ ಅಂಕಿ ಬರೆಸಿ. ನೀವು ಓದಿದಾಗ ನಿಮಗೆ ಅನಿಸಿದ ಅಂಕಿಯನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಎರಡರ ನಡುವೆ ದೊಡ್ಡ ಅಂತರ ಇರುವ ವಾಕ್ಯಗಳನ್ನಷ್ಟೇ ತಿದ್ದಿ, ಉಳಿದವನ್ನು ಬಿಟ್ಟುಬಿಡಿ. ಚಾನ್ಸ್, ರಿಸ್ಕ್, ಡೌಟ್ ಬಗೆಗಿನ ಹಂತಗಳು ಮೇಲ್‌ಗಳಲ್ಲಿ ಆ ತಪ್ಪು ಕಾಣಿಸಿಕೊಂಡಾಗ ಬರಲಿ, ಮೊದಲೇ ತುರುಕಬೇಡಿ. ಪೆರಿಲ್, ಜೆಪರ್ಡಿ, ಲೈಯಬಲ್ ಟು, ಪ್ರೋನ್ ಟು ಮುಂತಾದವು ಪರೀಕ್ಷೆ ಪುಸ್ತಕದಲ್ಲಿ ಎದುರಾದಾಗ ಅರ್ಥ ತಿಳಿದರೆ ಸಾಕು, ಬಳಸುವ ಅಭ್ಯಾಸಕ್ಕೆ ಅವಸರವಿಲ್ಲ. "ಲೈಕ್ಲಿ ಟು" ಯೋಚಿಸದೆ ಬಾಯಿಗೆ ಬರುವವರೆಗೆ ಅವುಗಳನ್ನು ಮುಂದಕ್ಕೆ ಹಾಕಿ.